ಏಳನೆಯ ದಿನದ ಭಿಕ್ಷೆ

ನಾನು ಒಂದು ಜೋಳಿಗೆ. ಕಾವಿ ಬಣ್ಣದ ದಪ್ಪ ಖಾದಿಯ, ಅಗಲ ಬಾಯಿಯ, ಹೆಗಲಿಗೆ ನೇತುಹಾಕುವ ಜೋಳಿಗೆ. ಸ್ವಾಮಿಗಳ ಸೊಂಟದ ಮಟ್ಟದಲ್ಲಿ ತೂಗಾಡುವುದರಿಂದ ನನಗೆ ಮನುಷ್ಯರ ಮುಖಗಳಿಗಿಂತ ಕೈಗಳೇ ಹೆಚ್ಚು ಪರಿಚಯ. ಕೊಡುವ ಕೈ ಯಾವುದು, ಕೊಟ್ಟಂತೆ ಮಾಡುವ ಕೈ ಯಾವುದು ಎಂಬುದು ಬೇಗ ತಿಳಿಯುತ್ತದೆ. ತಿಳಿದದ್ದನ್ನು ಹೇಳಲಾರೆ, ಅದೇ ನನ್ನ ಕಷ್ಟ.

ನಾನು ಮೊದಲು ಖಾದಿ ಕೇಂದ್ರವೊಂದರಲ್ಲಿ ಬಿಳಿ ಬಟ್ಟೆಯ ಥಾನಾಗಿದ್ದೆ. ಕಾವಿಯಲ್ಲಿ ಅದ್ದಿ ಒಣಗಿಸಿದ ಮೇಲೆ ಮಠದ ಅಡುಗೆಯ ನೀಲವ್ವ ನನ್ನನ್ನು ಮಡಿಲಲ್ಲಿಟ್ಟುಕೊಂಡು ಹೊಲಿದಳು. ತಳಕ್ಕೆ ಎರಡೆರಡು ಸಲ ದಾರ ಹಾಕಿದಳು. "ಜೋಳಿಗಿ ತಳ ಹರದ್ರ ಮಠದ ಮಾನ ಹರದಂಗ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆ ಮಾತು ಕೇಳಿ ನನಗೆ ಹುಟ್ಟಿದ ದಿನವೇ ಹೆದರಿಕೆ ಶುರುವಾಯಿತು.

ನನ್ನನ್ನು ಮೊದಲು ಹೊತ್ತವರು ಹಳೆಯ ಸ್ವಾಮಿಗಳೊಬ್ಬರು. ಅವರ ಜೊತೆ ಹಳ್ಳಿ ಹಳ್ಳಿ ತಿರುಗಿದೆ. ಬಿಸಿ ರೊಟ್ಟಿ ಬಿದ್ದಾಗ ನನ್ನ ಮೈಯೆಲ್ಲ ಬೆಚ್ಚಗಾಗುತ್ತಿತ್ತು. ಜೋಳದ ಹಿಟ್ಟು ಬಿದ್ದರೆ ದಾರದ ಸಂದಿನಲ್ಲಿ ಕೂತು ವಾರಗಟ್ಟಲೆ ಹೋಗುತ್ತಿರಲಿಲ್ಲ. "ಜೋಳಿಗಿ ಯಾರಿಗೂ ಬ್ಯಾಡ ಅನ್ನಂಗಿಲ್ಲ," ಎನ್ನುತ್ತಿದ್ದರು ಅವರು, "ಒಣ ರೊಟ್ಟಿ ಹಾಕಿದ್ರೂ ತಗೋಬೇಕು, ಬೈಗಳಾ ಹಾಕಿದ್ರೂ ತಗೋಬೇಕು."

ಅವರು ಲಿಂಗೈಕ್ಯರಾದ ಮೇಲೆ ಮಠದ ಹಿರಿಯರಾದ ದೊಡ್ಡ ಅಪ್ಪಾರು ನನ್ನನ್ನು ಅಡವೀಶ ದೇವರ ಹೆಗಲಿಗೆ ಹಾಕಿದರು. ಅಡವೀಶ ದೇವರು ಪಾಠಶಾಲೆ ಮುಗಿಸಿ ಬಂದ ಇನ್ನೂ ಮೀಸೆ ದಟ್ಟವಾಗದ ಮರಿಸ್ವಾಮಿ. ಪಟ್ಟವಾಗದ ಮರಿಸ್ವಾಮಿಗಳನ್ನು ನಮ್ಮ ಕಡೆ ದೇವರು ಎಂದೇ ಕರೆಯುತ್ತಾರೆ. ಅಷ್ಟರಲ್ಲಿ ನನ್ನ ಕೆಲಸವೂ ಬದಲಾಗಿತ್ತು. ರೊಟ್ಟಿಯ ಬದಲು ನಾನು ಚಟಗಳನ್ನು ಬೇಡಬೇಕಿತ್ತು. ಮನೆ ಮನೆಗೆ ಹೋಗಿ ಸ್ವಾಮಿಗಳು ನನ್ನ ಬಾಯಿ ಅಗಲಿಸಿ, "ನಿಮ್ಮ ದುಶ್ಚಟ ಭಿಕ್ಷೆ ಹಾಕ್ರಿ," ಎನ್ನುತ್ತಿದ್ದರು. ಗುಟ್ಕಾ ಬಿಡುವವರು ಗುಟ್ಕಾದ ಪೊಟ್ಟಣ, ಸಿಗರೇಟು ಬಿಡುವವರು ಪ್ಯಾಕು, ಕುಡಿತ ಬಿಡುವವರು ಬಾಟಲಿ ನನ್ನೊಳಗೆ ಹಾಕಿ ನಮಸ್ಕಾರ ಮಾಡುತ್ತಿದ್ದರು. ಒಮ್ಮೆ ಹಾಕಿದರೆ ಆ ಚಟ ಮಠದ್ದು, ಮತ್ತೆ ಮುಟ್ಟುವಂತಿಲ್ಲ. ಹಳ್ಳಿಗಳಲ್ಲಿ ಇದು ಎಷ್ಟೋ ಸಲ ನಿಜವಾದದ್ದನ್ನು ನಾನು ಬಲ್ಲೆ.

ಆ ವರ್ಷದ ಶ್ರಾವಣದಲ್ಲಿ ನಮ್ಮನ್ನು ಗ್ರಾನೈಟ್ ಮಾಲೀಕರ ಕಾಲೊನಿಗೆ ಕಳಿಸಿದರು. ಒಂದು ವಾರ ಬೆಳಿಗ್ಗೆ ಭಿಕ್ಷೆ, ಸಂಜೆ ಸಮುದಾಯ ಭವನದಲ್ಲಿ ಪ್ರವಚನ. "ದೊಡ್ಡ ಮಂದಿ ಅದಾರ. ಅವರಿಗೆ ನೀ ಒಪ್ಪಿಗಿ ಆದ್ರ ನನ್ನ ನಂತರದ ಪೀಠಕ್ಕ ನಿನ್ನ ಹೆಸರು ಹೇಳಾಕ ನನಗೂ ಹಗರ ಆಗತೈತಿ," ಎಂದು ದೊಡ್ಡ ಅಪ್ಪಾರು ಹೇಳಿ ಕಳಿಸಿದ್ದರು.

ಕಾಲೊನಿಯ ಮನೆಗಳ ಮೆಟ್ಟಿಲು, ಅಂಗಳ, ಕಾಂಪೌಂಡು ಎಲ್ಲವೂ ಹೊಳೆಯುವ ಕಲ್ಲು. ದೇವರ ಹಾವುಗೆ ಜಾರುತ್ತಿತ್ತು. "ಸಾವಕಾಶರೀ ಅಪ್ಪಾರ, ನಿನ್ನೇರೆ ಪಾಲಿಶ್ ಮಾಡಸೇವಿ," ಎಂದು ಪ್ರತಿ ಬಾಗಿಲಲ್ಲೂ ಯಾರಾದರೊಬ್ಬರು ಹೇಳುತ್ತಿದ್ದರು. ಭಿಕ್ಷೆಯೂ ಹಾಗೆಯೇ ಹೊಳೆಯುತ್ತಿತ್ತು: ವಿದೇಶಿ ಸಿಗರೇಟು, ಬೆಳ್ಳಿಯ ಡಬ್ಬಿಯಲ್ಲಿ ಜರ್ದಾ, ಬಿಡಿಸದ ಇಸ್ಪೀಟು ಕಟ್ಟು. ಎಲ್ಲವನ್ನೂ ಫೋಟೋ ತೆಗೆದ ಮೇಲೆಯೇ ಹಾಕುತ್ತಿದ್ದರು. ಒಬ್ಬ ಅಕ್ಕನವರು ಧಾರಾವಾಹಿ ನೋಡುವ ಚಟ ಬಿಟ್ಟೆನೆಂದು ಟಿವಿಯ ರಿಮೋಟನ್ನೇ ಹಾಕಿದರು. ಮಧ್ಯಾಹ್ನ ಅವರ ಮನೆಯ ಕೆಲಸದವಳು ಓಡಿ ಬಂದಳು.

"ಅಪ್ಪಾರ, ಅಕ್ಕಾರು ಹೇಳಿ ಕಳಿಸ್ಯಾರ್ರಿ. ಚಟ ನಿಮ್ಮ ಹಂತ್ಯಾಕ ಇರಲಂತ, ರಿಮೋಟ್ ಅಷ್ಟ ಕೊಡಬೇಕಂತ."

ದೇವರು ನಕ್ಕರು. ಆ ವಾರದಲ್ಲಿ ಅವರು ಮನಬಿಚ್ಚಿ ನಕ್ಕದ್ದು ಅದೊಂದೇ ಸಲ.

ಮರುದಿನ ಕಾಲೊನಿಯ ಗಂಗಣ್ಣನವರ ಮನೆಯಲ್ಲಿ ಪಾದಪೂಜೆ. ಪೂಜೆ ಮುಗಿದು ಎಲ್ಲರೂ ಪ್ರಸಾದದ ಎಲೆ ಹಾಕಿಸಲು ಒಳಗೆ ಹೋದಾಗ ಅವರ ಮಗಳು ಕಸ್ತೂರಿ ಪೂಜೆಯ ತಟ್ಟೆ ಎತ್ತಲು ಹಿಂದೆ ಉಳಿದಳು. ತಟ್ಟೆ ಸರಿಸುವಾಗ ಅವಳ ಕೈ ನನಗೆ ತಾಗಿತು. ಬಲಗೈಯ ಎರಡು ಬೆರಳು ಮಡಚಲಿಲ್ಲ. ದೇವರೂ ನೋಡಿದರು.

"ಏನಾಗೇತ್ರೀ ತಾಯಿ, ಬೆರಳಿಗೆ?"

"ಕಾರಿನ ಬಾಗಲದಾಗ ಸಿಕ್ಕಾವ್ರಿ."

"ನೋಡಿ ಹಾಕ್ಕೋಬೇಕಲ್ರಿ."

"ನಾ ಹಾಕ್ಕೊಂಡಿಲ್ರಿ. ಹಾಕಿದವರು ನೋಡೇ ಹಾಕ್ಯಾರ."

ಆಮೇಲೆ ಅವಳು ಒಳಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಉಳಿದದ್ದನ್ನು ಹೇಳಿದಳು. ಅವಳ ಗಂಡ ವಿಜಯಕುಮಾರ, ಇದೇ ಕಾಲೊನಿಯ ಹಿರಿಯರಾದ ಬಸಲಿಂಗಪ್ಪನವರ ಮಗ. ಕುಡಿದರೆ ಕೈ ಮಾಡುತ್ತಾನೆ. ಅವಳು ತವರಿಗೆ ಬಂದು ಕೂತಿದ್ದಾಳೆ. ಈಗ ಹಿರಿಯರು ಕೂಡಿ ತೀರ್ಮಾನಿಸಿದ್ದಾರೆ: ಏಳನೆಯ ದಿನ ವಿಜಯಕುಮಾರ ಎಲ್ಲರ ಮುಂದೆ ಬಾಟಲಿಯನ್ನು ಜೋಳಿಗೆಗೆ ಹಾಕಬೇಕು, ಹಾಕಿದ ಕೂಡಲೇ ಅವಳು ಅವನ ಜೊತೆ ಹೋಗಬೇಕು.

"ಹೋದ ವರ್ಷನೂ ಬ್ಯಾರೆ ಮಠದ ಸ್ವಾಮಿಗೋಳ ಜೋಳಿಗ್ಯಾಗ ಹಾಕಿದ್ರು. ಆಮ್ಯಾಲ ಈ ಬೆರಳು ಹಿಂಗಾಗಿದ್ರಿ," ಎಂದಳು. "ನಿಮ್ಮ ಜೋಳಿಗಿಗೆ ಗೊತ್ತಾಗಂಗಿಲ್ರಿ ಅಪ್ಪಾರ, ಯಾವ ಬಾಟ್ಲಿ ಖರೇ, ಯಾವುದು ಸುಳ್ಳಂತ."

ಗೊತ್ತಾಗುತ್ತದೆ ಎಂದು ಕೂಗಬೇಕೆನಿಸಿತು. ನಾನು ಬಟ್ಟೆ.

ದೇವರು ಆ ಸಂಜೆಯೇ ಗಂಗಣ್ಣನವರನ್ನು ಒಂದು ಬದಿಗೆ ಕರೆದರು. "ಮಗಳಿಗೆ ಮನಸಿಲ್ರಿ. ಕಳಸಬ್ಯಾಡ್ರಿ," ಎಂದರು.

ಗಂಗಣ್ಣ ಕಲ್ಲಿನ ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದರು. "ಐದು ಮಂದಿ ಹಿರ್ಯಾರ ಮುಂದ ಮಾತು ಕೊಟ್ಟೀನ್ರಿ ಅಪ್ಪಾರ. ಬಾಟ್ಲಿ ಜೋಳಿಗ್ಯಾಗ ಬಿದ್ದ ಮ್ಯಾಲ ಕಳಸ್ತೀನಿ ಅಂದೀನಿ. ನನ್ನ ಮಾತು ನಾ ಹೆಂಗ ಮುರೀಲಿ?"

ಅಲ್ಲಿಂದ ನನಗೆ ನನ್ನ ಬಾಯಿಯದೇ ಭಯ. ಬೆಳಿಗ್ಗೆ ದೇವರು ನನ್ನನ್ನು ಹೆಗಲಿಗೇರಿಸಿದಾಗಲೆಲ್ಲ ಅವರ ಅಂಗೈಯ ಬೆವರು ನನ್ನ ಪಟ್ಟಿಗೆ ಅಂಟುತ್ತಿತ್ತು. ಹೊರಡುವ ಮೊದಲು ನನ್ನ ಅಂಚನ್ನು ಮಡಚುವರು, ಬಿಚ್ಚುವರು, ಮತ್ತೆ ಮಡಚುವರು. ಪ್ರವಚನದಲ್ಲಿ ಎರಡು ಸಲ, ಹೇಳುತ್ತಿದ್ದ ಕತೆಯನ್ನೇ ಮರೆತರು.

ಒಂದು ಮುಂಜಾನೆ ವಿಜಯಕುಮಾರನೇ ದಾರಿಯಲ್ಲಿ ಕಾರು ನಿಲ್ಲಿಸಿದ. "ಹತ್ರೀ ಅಪ್ಪಾರ, ಬಿಡ್ತೀನಿ," ಎಂದ. ದೇವರು ನಡೆಯುತ್ತೇನೆಂದರೂ ಬಿಡಲಿಲ್ಲ. ಕಾರಿನೊಳಗೆ ಏಲಕ್ಕಿಯ ವಾಸನೆ ದಟ್ಟವಾಗಿತ್ತು. ಆ ಏಲಕ್ಕಿಯ ಅಡಿಯಲ್ಲಿ ಏನಿತ್ತೆಂಬುದು ಎಷ್ಟೋ ಬಾಟಲಿ ಹೊತ್ತ ನನಗೆ ಗೊತ್ತಾಗದೆ ಇರುತ್ತದೆಯೇ? ಅವನು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದನ್ನು ನನ್ನೊಳಗೆ ತೂರಿಸಿ ತಡಕಾಡಿದ.

"ಏನೇನ ಕೂಡಿಸೀರಿ ನೋಡೂಣು. ನಂದು ಕಡೀ ದಿನಕ್ಕ ಇಟ್ಟೀನ್ರಿ. ಫೋಟೋದಾಗ ಛಲೋ ಬರತೈತಿ."

"ಬಿಡ್ತೀರೇನ್ರಿ ಖರೇನ?" ಎಂದರು ದೇವರು.

"ಜೋಳಿಗ್ಯಾಗ ಹಾಕಿದ ಮ್ಯಾಲ ಮುಗೀತಲ್ರಿ," ಎಂದು ಅವನು ನಕ್ಕ.

ದೇವರು ಗಂಗಣ್ಣನವರಿಗೆ ಹೇಳಿದ ಮಾತು ಹೇಗೋ ಬಸಲಿಂಗಪ್ಪನವರಿಗೆ ಮುಟ್ಟಿತು, ಅಲ್ಲಿಂದ ಮಠಕ್ಕೆ. ದೊಡ್ಡ ಅಪ್ಪಾರ ಫೋನು ಬಂದಾಗ ನಾನು ದೇವರ ತೊಡೆಯ ಮೇಲಿದ್ದೆ. "ಇನ್ನೊಬ್ಬರ ಸಂಸಾರದಾಗ ನಮಗೇನ ಕೆಲಸಾ ತಮ್ಮಾ? ಬಂದ ಭಿಕ್ಷಾ ತಗೊಂಡ ಬಾ. ಜೋಳಿಗಿ ಬ್ಯಾಡ ಅನ್ನಂಗಿಲ್ಲ, ನೆನಪಿಟ್ಕೋ." ಫೋನಿಟ್ಟ ಮೇಲೆ ದೇವರು ಬಹಳ ಹೊತ್ತು ನನ್ನ ತಳದ ಹೊಲಿಗೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕುಳಿತರು.

ಏಳನೆಯ ದಿನ ಸಮುದಾಯ ಭವನ ತುಂಬಿತ್ತು. ಕಸ್ತೂರಿಯ ಸೂಟ್‌ಕೇಸನ್ನು ಆಗಲೇ ಗಂಡನ ಕಾರಿನ ಡಿಕ್ಕಿಯಲ್ಲಿ ಇಟ್ಟಾಗಿತ್ತು; ನಾವು ಒಳಗೆ ಬರುವಾಗ ಅದನ್ನು ನೋಡಿದೆವು. ಅವಳು ಹೆಂಗಸರ ಮೊದಲ ಸಾಲಿನಲ್ಲಿ ಸೆರಗು ಬಿಗಿಹಿಡಿದು ಕುಳಿತಿದ್ದಳು. ಬಸಲಿಂಗಪ್ಪನವರು ಮೈಕಿನಲ್ಲಿ, "ನಮ್ಮ ಸೊಸಿ ಇವತ್ತ ಮನಿಗೆ ಬರತಾಳ, ಎಲ್ಲಾ ಅಪ್ಪಾರ ಪುಣ್ಯ," ಎಂದರು. ಚಪ್ಪಾಳೆ ಬಿತ್ತು.

ವಿಜಯಕುಮಾರ ವೇದಿಕೆಗೆ ಬಂದ. ಕೈಯಲ್ಲಿ ಸೀಲು ಒಡೆಯದ ಬಾಟಲಿ, ಅದರ ಕೊರಳಿಗೆ ಜರಿಯ ರಿಬ್ಬನ್ನು. ದೇವರು ನನ್ನ ಬಾಯಿ ಅಗಲಿಸಿದರು. ಬಾಟಲಿ ನನ್ನ ಮೇಲೆ ಬಂದು ನಿಂತಿತು. ಕ್ಯಾಮೆರಾದವನು, "ಅಣ್ಣಾರ, ಸ್ವಲ್ಪ ಈ ಕಡೆ," ಎಂದ. ವಿಜಯಕುಮಾರ ಆ ಕಡೆ ತಿರುಗಿದ. ನನಗೆ ಮುಚ್ಚಿಕೊಳ್ಳಲು ಬರುವುದಿಲ್ಲ. ಅವನ ಬೆರಳು ಸಡಿಲಾದವು.

ಬಾಟಲಿ ಬೀಳಲಿಲ್ಲ. ದೇವರು ಅದರ ಬುಡಕ್ಕೆ ಕೈಕೊಟ್ಟು ಹಿಡಿದಿದ್ದರು.

"ಭಿಕ್ಷಾ ಬ್ಯಾಡ ಅನ್ನಂಗಿಲ್ಲ ನಾ," ಎಂದರು. "ಆದ್ರ ಇದನ್ನ ಹಾಕೂ ಕೈ ಇವರದಲ್ಲ. ಈ ಚಟದ ಪೆಟ್ಟು ಯಾರು ತಿಂದಾರೋ ಅವರ ಕೈಲೆ ಬೀಳಬೇಕು."

ಅವರು ವೇದಿಕೆ ಇಳಿದರು. ನಾನು ಅವರ ಸೊಂಟಕ್ಕೆ ಬಡಿಯುತ್ತ ಹಿಂದೆಯೇ ಹೋದೆ. ಬಾಟಲಿಯನ್ನು ಕಸ್ತೂರಿಯ ಕೈಗೆ ಕೊಟ್ಟರು. "ತಾಯಿ, ಇವರು ಬಿಟ್ಟದ್ದು ಖರೇ ಅಂತ ನಿಮಗ ಅನ್ನಿಸಿದ ದಿನ ಹಾಕ್ರಿ. ಇವತ್ತ ಅನ್ನಿಸಿದ್ರ ಇವತ್ತ. ಹತ್ತು ವರ್ಷಕ್ಕ ಅನ್ನಿಸಿದ್ರ ಹತ್ತು ವರ್ಷಕ್ಕ. ಜೋಳಿಗಿ ಬಾಯಿ ತಕ್ಕೊಂಡ ಇರತೈತಿ."

ಕಸ್ತೂರಿ ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಹೆದರಿ ಹಾಕಿಬಿಟ್ಟರೆ ಎಂದು ನನ್ನ ದಾರದಾರವೂ ಬಿಗಿಯಾಯಿತು.

"ಇವತ್ತ ಅನ್ನಸವಲ್ತುರಿ," ಎಂದಳು.

ಹಿಂದಿನ ಸಾಲಿನಿಂದ ಮುದುಕಿಯೊಬ್ಬಳು ಕೂಗಿದಳು: "ಹಾಕಬ್ಯಾಡ ನನ್ನವ್ವಾ, ಇಟ್ಕೋ!" ಹೆಂಗಸರು ನಕ್ಕರು, ಯಾರೋ ಮೂಗೆಳೆಯುತ್ತ ಅತ್ತರು.

"ಏನ್ರಿ ಇದು ಹುಡುಗಾಟಾ?" ಬಸಲಿಂಗಪ್ಪನವರು ಎದ್ದು ನಿಂತರು. "ಗಂಗಣ್ಣ, ಮಾತು ಕೊಟ್ಟೀರಿ ನೀವು!"

ಗಂಗಣ್ಣ ನಿಧಾನವಾಗಿ ಎದ್ದರು. ಮಗಳ ಕೈಯಲ್ಲಿದ್ದ ಬಾಟಲಿಯನ್ನೂ, ಅದನ್ನು ಸರಿಯಾಗಿ ಹಿಡಿಯಲಾರದ ಎರಡು ಬೆರಳುಗಳನ್ನೂ ನೋಡಿದರು. "ಜೋಳಿಗ್ಯಾಗ ಬಿದ್ದ ಮ್ಯಾಲ ಅಂದಿದ್ದೆ ಬೀಗರ," ಎಂದರು. "ಬಿದ್ದಿಲ್ಲ." ಆಮೇಲೆ ಬಾಗಿಲ ಬಳಿಯಿದ್ದ ಡ್ರೈವರ್‌ಗೆ, "ಸೂಟ್‌ಕೇಸ್ ಇಳಸಪಾ," ಎಂದರು.

ನಾವು ಹೊರಡುವಾಗ ಅಂಗಳದಲ್ಲಿ ವಿಜಯಕುಮಾರ ಅಡ್ಡ ಬಂದ. ಈಗ ಏಲಕ್ಕಿಯೂ ಇರಲಿಲ್ಲ. "ಇಸ್ಕೋ ಸ್ವಾಮಿ, ಇಸ್ಕೋ!" ಎಂದು ಇನ್ನೊಂದು ಬಾಟಲಿಯನ್ನು, ಅರ್ಧ ಖಾಲಿಯಾದದ್ದನ್ನು, ನನ್ನೊಳಗೆ ತುರುಕಲು ನೋಡಿದ. ದೇವರು ಹಿಂದೆ ಸರಿದರು. ಅವನು ನನ್ನ ಪಟ್ಟಿ ಹಿಡಿದು ಜಗ್ಗಿದ, ಪಟ್ಟಿ ಹರಿಯಿತು. ಬಾಟಲಿ ಆ ಹೊಳೆಯುವ ಕಲ್ಲಿನ ಮೇಲೆ ಬಿದ್ದು ಒಡೆಯಿತು. ಜನ ಕಿಟಕಿಗಳಲ್ಲಿ ನಿಂತು ನೋಡಿದರು. ಆ ಮೇಲೆ ಯಾರೂ ಗಂಗಣ್ಣನವರ ಮಾತಿನ ಬಗ್ಗೆ ಕೇಳಲಿಲ್ಲವಂತೆ.

ಕಾಲೊನಿಯವರು ನಮ್ಮನ್ನು ಮತ್ತೆ ಕರೆಯಲಿಲ್ಲ. ಪೀಠಕ್ಕೆ ಬೇರೆ ಹೆಸರು ಬಂತು. ಅಡವೀಶ ದೇವರನ್ನು ಹೊಳೆಯಾಚೆಯ ಒಂದು ಸಣ್ಣ ಶಾಖಾ ಮಠಕ್ಕೆ ಕಳಿಸಿದರು. ಹರಿದ ಪಟ್ಟಿಯನ್ನು ದೇವರು ತಾವೇ ಹೊಲಿದರು, ಹೊಲಿಗೆ ಸೊಟ್ಟಗಾಯಿತು. ಕೆಲವು ವರ್ಷಗಳ ನಂತರ ಭಕ್ತರು ಅವರಿಗೆ ಹೊಸ ಜೋಳಿಗೆ ಕೊಟ್ಟರು. ನಾನು ಬಾಗಿಲ ಪಕ್ಕದ ಗೂಟಕ್ಕೆ ಬಂದೆ.

ಅಲ್ಲಿಗೆ ಒಂದು ದಿನ ಗಂಗಣ್ಣ ಬಂದರು. ಮುದುಕರಾಗಿದ್ದರು. ಚಾಪೆಯ ಮೇಲೆ ಕುಳಿತು, ನೀರು ಕುಡಿದು ಮಾತಾಡಿದರು.

"ಕಸ್ತೂರಿ ಹೋಗಿಲ್ರಿ. ಸಾಲಿಯೊಳಗ ಕಲಸ್ತಾಳ. ಆ ಬಾಟ್ಲಿ ಇನ್ನೂ ಅಕಿ ಕಪಾಟಿನ್ಯಾಗ ಐತಿ. ನಾನ ತಡೀಲಾರದ ಹಬ್ಬಕ್ಕೊಮ್ಮೆ ಕೇಳತಿದ್ದೆ, 'ಯಾವಾಗ ಹಾಕ್ತೀವ್ವಾ, ಮಂದಿ ಏನಂತಾರ' ಅಂತ. ಹೋದ ಪಂಚಮಿಗೆ ಅಕಿ ಉಣ್ಣೂ ತಾಟ ಬಿಟ್ಟ ಎದ್ದಳ್ರಿ. ಅವತ್ತಿಂದ ಕೇಳಿಲ್ಲ." ಅವರು ಕೈ ಹೊಸೆದರು. "ಹಂಗ ಕೇಳೂದೂ ಒಂದು ಚಟಾನ ಅಲ್ರಿ ಅಪ್ಪಾರ?"

ದೇವರು ಎದ್ದರು. ಹೊಸ ಜೋಳಿಗೆ ಕೈಗೆ ಹತ್ತಿರವೇ ಇತ್ತು. ಅವರು ನನ್ನನ್ನು ಗೂಟದಿಂದ ತೆಗೆದು ಬಾಯಿ ಅಗಲಿಸಿ ಹಿಡಿದರು.

"ಹಾಕ್ರಿ," ಎಂದರು.

ಗಂಗಣ್ಣನವರ ಬರಿಗೈ ಮಣಿಕಟ್ಟಿನವರೆಗೆ ನನ್ನೊಳಗೆ ಇಳಿಯಿತು. ತಳ ಮುಟ್ಟಿ ಅಲ್ಲಿಯೇ ಸ್ವಲ್ಪ ಹೊತ್ತು ನಿಂತಿತು. ಅಷ್ಟು ಭಾರದ ಕೈಯನ್ನು ನಾನು ಎಂದೂ ಹೊತ್ತಿರಲಿಲ್ಲ. ಹೊರಗೆ ಹೋಗುವಾಗ ಅದು ಹಗುರವಾಗಿತ್ತು.

ಈಗ ನನ್ನ ಬಣ್ಣ ಬೂದಿಯಂತಾಗಿದೆ, ತಳದ ದಾರ ಅಲ್ಲಲ್ಲಿ ಸಡಿಲಾಗಿದೆ. ಗೂಟದ ಮೇಲೆ ತೂಗುತ್ತ ಕಸ್ತೂರಿಗಾಗಿ ಕಾಯುತ್ತೀಯಾ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನುತ್ತೇನೆ. ಅವಳು ಬರಲೇಬೇಕೆಂದಿಲ್ಲ. ಬಾಯಿ ತೆರೆದಿರುವುದೆಂದರೆ ಬೇಡುವುದು ಎಂದೇ ನಾನು ಬಹುಕಾಲ ತಿಳಿದಿದ್ದೆ. ಬೇಡದೆಯೂ ತೆರೆದಿರಬಹುದು.