ಶಿವಡಿಯಲ್ಲಿ ಇಳಿಯುವವರು

ಕಿಟಕಿಯ ಸರಳು ಬಿಸಿಯಾಗಿದೆಯೋ ತಣ್ಣಗಿದೆಯೋ ಬೆರಳಿಗೆ ತಿಳಿಯುತ್ತಿಲ್ಲ, ಹಿಡಿದಿದ್ದೇನೆ ಎಂಬುದನ್ನೂ ಕಣ್ಣಿನಿಂದಲೇ ನೋಡಿ ತಿಳಿಯಬೇಕು, ಮೂರನೆಯ ಕೀಮೋ ಆದಮೇಲೆ ಮಾಧುರಿಯ ಹತ್ತೂ ಬೆರಳು ಹೀಗೇ, ಹೂ ಕಟ್ಟಲು ಕೂತರೆ ದಾರ ಜಾರುತ್ತದೆ, ರವಿಕೆಯ ಹುಕ್ಕು ಹಾಕಲು ಗಂಡನನ್ನು ಕರೆಯಬೇಕು, ನಲವತ್ತೊಂಬತ್ತನೆಯ ವಯಸ್ಸಿಗೆ ಇದೇನು ಸರಸವಪ್ಪಾ, ಶಶಿಕಾಂತ ಕನ್ನಡಕ ಏರಿಸಿಕೊಂಡು, ಉಸಿರು ಬಿಗಿಹಿಡಿದು, ಮೇಲಿನ ಹುಕ್ಕನ್ನು ಕೆಳಗಿನ ಮನೆಗೆ ಹಾಕಿ, ಆತು ನೋಡು ಅನ್ನುತ್ತಾರೆ — ತಿಲಕನಗರ ಹೋಯಿತೇ, ಹೋಯಿತು, ಕುರ್ಲಾ ಬರುತ್ತಿದೆ, ಹೆಂಗಸರ ಬೆವರು, ಮಲ್ಲಿಗೆ, ಯಾರದೋ ಡಬ್ಬಿಯ ಬೆಳ್ಳುಳ್ಳಿ ಚಟ್ನಿ. ಇವತ್ತು ಶಿವಡಿಯಲ್ಲಿ ಇಳಿಯುವುದಿಲ್ಲ. ಶಿವಡಿಯಲ್ಲಿ ಇಳಿದು, ಟ್ಯಾಕ್ಸಿ ಹಿಡಿದು, ಪರೇಲಿನ ಆಸ್ಪತ್ರೆಗೆ ಹೋಗಿ ನಾಲ್ಕನೆಯ ಕೀಮೋ ಹಾಕಿಸಿಕೊಳ್ಳಬೇಕು, ಇನ್ನೂ ಎರಡು ಉಳಿಯುತ್ತವೆ, ಬೇಡ, ಸಾಕಾಗಿದೆ, ಮೊದಲ ವಾರ ಹೆಣ, ಎರಡನೆಯ ವಾರ ರೋಗಿ, ಮೂರನೆಯ ವಾರ ಸಾರಿನ ಹುಳಿ ನಾಲಿಗೆಗೆ ತಿಳಿದು ಇನ್ನೇನು ಮನುಷ್ಯಳಾದೆ ಅನ್ನುವಷ್ಟರಲ್ಲಿ ಮತ್ತೆ ಕರೆದೊಯ್ಯುತ್ತಾರೆ. ನಿನ್ನೆ ಸಂಜೆ ಬಟ್ಟೆ ಮಡಚುತ್ತ ತೀರ್ಮಾನಿಸಿದಳು, ಯಾರಿಗೂ ಹೇಳಲಿಲ್ಲ, ಕೊನೆಯ ಸ್ಟೇಷನ್ನಿನವರೆಗೆ ಹೋಗಿಬಿಡುವುದು, ಹತ್ತೊಂಬತ್ತು ವರ್ಷ ಹೋದ ಹಾಗೆ, ಅಲ್ಲಿಂದ ನಡೆದು ಆಫೀಸು, ತನ್ನ ಕುರ್ಚಿ, ಹನ್ನೊಂದು ಗಂಟೆಯ ಚಹಾ, ಒಂದೇ ದಿನ, ಆಮೇಲೆ ನೋಡಿದರಾಯಿತು — ಸುಳ್ಳು, ಇವತ್ತು ತಪ್ಪಿಸಿದರೆ ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತುವವಳಲ್ಲ ಅವಳು, ಅದು ಅವಳಿಗೂ ಗೊತ್ತು. ಗಂಟು ಕರಗುತ್ತಿದೆ, ತಾರೀಖು ಮಾತ್ರ ತಪ್ಪಿಸಬೇಡಿ ಎಂದಿದ್ದಾರೆ ಡಾಕ್ಟರು. ಕರಗುತ್ತಿರುವುದು ಗಂಟೋ ಮಾಧುರಿಯೋ ಎಂದು ಕೇಳಬೇಕಿತ್ತು, ಕೇಳಲಿಲ್ಲ.

ಎಂಥದು ಮಾರಾಯ್ತಿ, ಎಲ್ಲೋ ನೋಡ್ತಾ ಇದ್ದೀಯಲ್ಲ, ಪಕ್ಕದಲ್ಲಿ ಕೂತ ವಿನೋದಿನಿ ಕೇಳುತ್ತಾಳೆ, ಏನಿಲ್ಲ, ಏನಿಲ್ಲ. ಈ ವಿನೋದಿನಿ ಮೂಲ್ಕಿಯವಳು, ಇವಳು ಧಾರವಾಡದವಳು, ಲೋಕಲ್ ಟ್ರೇನ್ ಇಲ್ಲದಿದ್ದರೆ ಯಾವ ಜನ್ಮದಲ್ಲಿ ಭೇಟಿ, ವಿನೋದಿನಿ ನೆರೂಲಿನಲ್ಲಿ ಹತ್ತಿ ಕಿಟಕಿಯ ಸೀಟಿನ ಮೇಲೆ ರುಮಾಲು ಹಾಸಿ ಮಾಧುರಿ ಹತ್ತುವ ಚೆಂಬೂರಿನವರೆಗೆ ಕಾಯುತ್ತಾಳೆ, ಜಗಳವಾಡುತ್ತಾಳೆ, ಪೇಶಂಟ್ ಹೈ, ಪೇಶಂಟ್ ಹೈ, ಡಬ್ಬಕ್ಕೆ ಡಬ್ಬವೇ ತಿರುಗಿ ಪೇಶಂಟನ್ನು ನೋಡುತ್ತದೆ. ಕೂದಲು ಉದುರಿದಾಗ ಈ ಕೆಂಪು ಸ್ಕಾರ್ಫ್ ತಂದವಳೂ ಅವಳೇ, ಇಷ್ಟು ಕೆಂಪು ಯಾಕೆ ಅಂದರೆ, ನಿನ್ನ ಗಂಡನಿಗೆ ದೂರದಿಂದ ಕಾಣ್ಲಿ ಅಂತ. ಗಂಡ ಪಕ್ಕದ ಗಂಡಸರ ಡಬ್ಬದಲ್ಲಿದ್ದಾರೆ, ಯಾರದೋ ಕಂಕುಳ ಕೆಳಗೆ ಫೈಲಿನ ಚೀಲ ಎದೆಗೊತ್ತಿಕೊಂಡು ನಿಂತಿರುತ್ತಾರೆ, ಚೆಂಬೂರಿನಲ್ಲಿ ಹತ್ತುವ ಮೊದಲು ಪ್ರತಿ ಸಲದ ಮಾತು, ಶಿವಡಿ ಬಂದ್ರ ಗಡಬಡ ಮಾಡಬ್ಯಾಡ, ನಾ ನಿನ್ನ ಬಾಗಲಾ ಮುಂದ ಬಂದು ನಿಂದರ್ತೀನಿ. ಕಳೆದ ಸಲ ಇವಳು ಇಳಿಯುವುದು ತುಸು ತಡವಾಗಿ, ಅವರು ಲೇಡೀಸ್ ಡಬ್ಬಕ್ಕೇ ತಲೆ ಹಾಕಿ ಹೆಂಗಸರ ಕೈಲಿ ಬೈಸಿಕೊಂಡರು, ಬೈದರೂ ಅಲ್ಲೇ ನಿಂತು, ಚಪ್ಪಲಿಯಿಂದ ಹಿಮ್ಮಡಿ ಎತ್ತಿ ಎತ್ತಿ ಹುಡುಕುತ್ತಿದ್ದರು — ಕುಳ್ಳ, ಇವಳಿಗಿಂತ ಒಂದಂಗುಲ ಕುಳ್ಳ, ಮದುವೆಯ ಫೋಟೊದಲ್ಲಿ ಫೋಟೊಗ್ರಾಫರ್, ಮದಿಮಗಾ ಒಂಚೂರು ಎತ್ತರ ಆಗ್ರಿ ಅಂದದ್ದಕ್ಕೆ ಸಭೆಯೆಲ್ಲ ನಕ್ಕಿತು, ಫೋಟೊ ಇನ್ನೂ ಗೋಡೆಯ ಮೇಲಿದೆ, ಧೋತ್ರದಂಚಿನ ಕೆಳಗೆ ನೆಲ ಬಿಟ್ಟೆದ್ದ ಎರಡು ಹಿಮ್ಮಡಿ, ಮಗಳು ಶ್ರೇಯಾ ಬಂದವರಿಗೆಲ್ಲ ತೋರಿಸುತ್ತಾಳೆ, ದೇಖೋ ಪಪ್ಪಾಕಾ ಹೀಲ್ಸ್.

ಚುನಾಭಟ್ಟಿ. ಸೆಕೆ, ಸ್ಕಾರ್ಫಿನೊಳಗೆ ನೆತ್ತಿ ಬೇಯುತ್ತಿದೆ, ಬಿಚ್ಚಿ ತೊಡೆಯ ಮೇಲಿಟ್ಟಳು, ನೋಡಿಕೊಳ್ಳಲಿ ಬೇಕಾದವರು, ಬೋಳು ತಲೆಗೆ ಗಾಳಿ, ಆಹಾ. ಎಲ್ಲರೂ ಧೈರ್ಯವಂತೆ ಧೈರ್ಯವಂತೆ ಅನ್ನುತ್ತಾರೆ, ಎಷ್ಟು ಸಿಟ್ಟು ಬರುತ್ತದೆ, ಅವಳಿಗೆ ಭಯ, ಬರೀ ಭಯ, ಅದನ್ನು ಇಡಲು ಮನೆಯಲ್ಲಿ ಜಾಗವೇ ಇಲ್ಲ, ಎಲ್ಲ ಕಡೆ ಪ್ರೀತಿ ತುಂಬಿಟ್ಟಿದ್ದಾರೆ, ಕುಕ್ಕರಿನ ಸೀಟಿಗೆ ಹೊಟ್ಟೆ ತೊಳಸುತ್ತದೆಂದು ಶಶಿಕಾಂತ ಕುಕ್ಕರನ್ನೇ ಅಟ್ಟಕ್ಕೆ ಹಾಕಿದರು, ಬೋಗುಣಿಯಲ್ಲಿ ನುಚ್ಚು ಕುದಿಸುತ್ತಾರೆ, ದಿನಾ ತಳ ಹತ್ತುತ್ತದೆ, ಚಲೋ ಆಗೇದ ಅನ್ನುತ್ತಾಳೆ, ಅವರು ನಂಬುತ್ತಾರೆ. ಸಲೈನ್ ಏರಿಸುವ ಕೋಣೆಗೆ ಅವರನ್ನು ಬಿಡುವುದಿಲ್ಲ, ಬಾಗಿಲಿನ ಗಾಜು ಎತ್ತರದಲ್ಲಿದೆ, ಮಲಗಿದಲ್ಲಿಂದ ಕಾಣುವುದು ಹಣೆ, ಕನ್ನಡಕ, ಅಷ್ಟೇ, ಎರಡು ನಿಮಿಷಕ್ಕೊಮ್ಮೆ ಕನ್ನಡಕ ಮುಳುಗುತ್ತದೆ, ಮತ್ತೆ ಏಳುತ್ತದೆ, ಹಿಮ್ಮಡಿ ದಣಿದಿರಬೇಕು, ಮತ್ತೆ ಏಳುತ್ತದೆ, ನಾಲ್ಕು ತಾಸು.

ವಡಾಲಾ. ಜನ ನುಗ್ಗಿತು, ಬ್ಯಾಗು ಹೊತ್ತ ಹುಡುಗಿಯೊಬ್ಬಳು ಮಂಡಿಗೆ ಮಂಡಿ ತಾಗಿಸಿ ನಿಂತು, ಆಂಟಿ, ಆಪ್ ಕಹಾಂ ಉತರೋಗೇ, ಈ ಊರಿನಲ್ಲಿ ಹೆಸರು ಕೇಳುವುದಿಲ್ಲ, ಎಲ್ಲಿ ಇಳಿಯುತ್ತೀರಿ ಎಂದೇ ಕೇಳುವುದು, ಸೀಟಿಗಾಗಿ, ಸಾವಿರ ಸಲ ತಾನೂ ಕೇಳಿದ್ದಾಳೆ, ಸಾವಿರ ಸಲ ಹೇಳಿದ್ದಾಳೆ, ಇವತ್ತು ನಾಲಿಗೆ ತಡವರಿಸಿತು, ಲಾಸ್ಟ್, ಅಂದಳು. ಹುಡುಗಿ ಮುಖ ತಿರುಗಿಸಿದಳು. ವಿನೋದಿನಿ ತಿರುಗಿಸಲಿಲ್ಲ. ಬೋಳು ತಲೆ, ತೊಡೆಯ ಮೇಲಿನ ಸ್ಕಾರ್ಫ್, ಎರಡನ್ನೂ ನೋಡಿದಳು, ಬೈಯಲಿ, ಪೇಶಂಟ್ ಹೈ ಎಂದು ಕೂಗಲಿ, ಕೂಗಲಿಲ್ಲ, ಮೆಲ್ಲಗೆ ಕೇಳಿದಳು, ಅವರಿಗೆ ಹೇಳಿದ್ಯಾ.

ಪುಢೀಲ ಸ್ಟೇಶನ್ ಶಿವಡಿ, ಮುಂದಿನದು ಶಿವಡಿ, ಗಾಡಿಯ ಮೈಕು ಹೇಳಿತು. ಹೇಳಿಲ್ಲ, ಯಾರಿಗೂ ಹೇಳಿಲ್ಲ, ಫೋನ್ ಮಾಡಿದರಾಯಿತು, ಏನೆಂದು, ನಾ ಮುಂದ ಹೋಗ್ತೀನ್ರಿ, ನೀವು ಇಳೀಬ್ಯಾಡ್ರಿ — ಗಾಡಿ ನಿಧಾನವಾಯಿತು, ಕಂಬ, ಬೆಂಚು, ನಿಂತಿತು, ಇಪ್ಪತ್ತು ಸೆಕೆಂಡು, ಹೆಚ್ಚಿಲ್ಲ, ಅಗೋ ಇಳಿದೇಬಿಟ್ಟರು, ಫೈಲು ಎದೆಗೊತ್ತಿ ಓಡಿಬರುತ್ತಿದ್ದಾರೆ, ಕಣ್ಣು ಕಿಟಕಿಯಿಂದ ಕಿಟಕಿಗೆ, ಈ ಕಿಟಕಿಗೂ ಬಂತು, ಬಂದು ದಾಟಿಹೋಯಿತು, ಇವಳ ಮುಖದ ಮೇಲಿಂದಲೇ ದಾಟಿಹೋಯಿತು, ಕೆಂಪು ಹುಡುಕುತ್ತಿದ್ದಾರೆ ಅವರು, ಅಯ್ಯೋ, ಕೆಂಪು ಹುಡುಕುತ್ತಿದ್ದಾರೆ, ಬಾಗಿಲ ಮುಂದೆ ನಿಂತರು, ಹೆಂಗಸರ ತಲೆಗಳ ಮೇಲಿಂದ ನೋಡಬೇಕು, ಎತ್ತಿದರು, ರೀ, ಇಲ್ಲೇ ಇದ್ದೀನ್ರಿ, ದನಿ ಹೊರಟಿತೋ ಇಲ್ಲವೋ, ಎದ್ದು ನಿಂತಿದ್ದಾಳೆ, ವಿನೋದಿನಿ ಕೂಗುತ್ತಿದ್ದಾಳೆ ಉತರ್ನೇ ದೋ, ಉತರ್ನೇ ದೋ, ಯಾರದೋ ಮೊಣಕೈ, ಯಾರದೋ ಬ್ಯಾಗು, ಬಾಗಿಲಿನ ಕಂಬ, ಹಿಡಿದದ್ದು ಬೆರಳಿಗೆ ತಿಳಿಯುತ್ತಿಲ್ಲ, ಕಣ್ಣಿಗೆ ತಿಳಿಯುತ್ತಿದೆ, ಕೆಳಗೆ ಸಿಮೆಂಟಿನ ಮೇಲೆ ಸವೆದ ಕಂದು ಚಪ್ಪಲಿ, ಅದರಿಂದ ಎದ್ದ ಹಿಮ್ಮಡಿ, ಒಡೆದ, ಬಿಳಿಚಿದ ಎರಡು ಹಿಮ್ಮಡಿ, ನಡುಗುತ್ತಿವೆ, ಇನ್ನೂ ಇಳಿದಿಲ್ಲ.