ಉಚ್ಚೆಂಗಪ್ಪನ ಒಂದು ಬಾಟ್ಲಿ ರಕ್ತ

"ನಾನೂ ಒಂದು ಬಾಟ್ಲಿ ಕೊಡ್ತೀನ್ರಿ ಸಿಸ್ಟರ್, ಹುಲಿಗೆಮ್ಮನ ಆಣಿ" ಎಂದು ಉಚ್ಚೆಂಗಪ್ಪ ಹೊಸಪೇಟೆಯ ಆಸ್ಪತ್ರೆಯಲ್ಲಿ ನರ್ಸಿಗೆ ಮಾತು ಕೊಟ್ಟು ಹದಿನಾಲ್ಕು ವರ್ಷವಾಗಿತ್ತು. ಅವತ್ತು ಹೆರಿಗೆಯಲ್ಲಿ ನೆತ್ತರು ಹರಿದುಹೋಗಿದ್ದ ಹೆಂಡತಿ ಎರ್ರೆಮ್ಮನನ್ನು ಯಾರೋ ಗುರುತಿಲ್ಲದವರ ರಕ್ತ ಉಳಿಸಿತ್ತು. ಆಗ ಹುಟ್ಟಿದ ಮಗಳು ಗಂಗೋತ್ರಿ ಈಗ ತಮ್ಮೂರು ಗಾದಿಗನೂರಿನಿಂದ ಹೈಸ್ಕೂಲಿಗೆ ಹೋಗುತ್ತಿದ್ದಳು. ಮಾತು ಮಾತ್ರ ಹಾಗೇ ಉಳಿದಿತ್ತು. ಉಚ್ಚೆಂಗಪ್ಪ ಸಂಡೂರಿನ ಗಣಿಯ ಕಬ್ಬಿಣದ ಅದಿರು ಹೊರುವ ಟಿಪ್ಪರ್ ಲಾರಿ ಓಡಿಸುವವನು. ಒಮ್ಮೆ ಹೋದ ರಕ್ತ ಮತ್ತೆ ಬರುವುದಿಲ್ಲ, ಸ್ಟೀರಿಂಗ್ ಹಿಡಿಯುವ ರಟ್ಟೆ ಸೋತರೆ ಮನೆ ನಡೆಯುವುದು ಹೇಗೆ ಎಂಬ ಹೆದರಿಕೆ ಅವನಿಗೆ.

"ಎಪ್ಪಾ, ಕೆಂಪು ರಕ್ತಕಣ ನಾಕು ತಿಂಗ್ಳಷ್ಟ ಬದುಕ್ತಾವು. ಕೊಟ್ರೂ ಹೋಗ್ತಾವು, ಕೊಡದಿದ್ರೂ ಹೋಗ್ತಾವು. ಎಲುಬಿನಾಗಿನ ಮಜ್ಜೆ ದಿನಾ ಹೊಸಾವು ಮಾಡ್ತೈತಿ" ಎಂದು ಗಂಗೋತ್ರಿ ವಿಜ್ಞಾನದ ಪುಸ್ತಕವನ್ನು ಅವನ ತಟ್ಟೆಯ ಪಕ್ಕಕ್ಕೆ ತಳ್ಳಿದಳು.

"ಅಂದ್ರ ನಿಮ್ಮಪ್ಪನ ಮೈಯಾಗೂ ಫ್ಯಾಕ್ಟ್ರಿ ಐತಿ ಅನ್ನು" ಎಂದು ಎರ್ರೆಮ್ಮ ನಕ್ಕಳು. "ಮೂರು ಶಿಫ್ಟ್ ನಡೀತೈತಿ. ಮಾಲಕಗ ಮಾತ್ರ ಧೈರ್ಯ ಇಲ್ಲ."

ಆ ಮಾತು ಉಚ್ಚೆಂಗಪ್ಪನಿಗೆ ನಾಟಿತು. ಮರು ಭಾನುವಾರ ಮಗಳನ್ನು ಕರೆದುಕೊಂಡು ಕಮಲಾಪುರದ ರಕ್ತದಾನ ಶಿಬಿರಕ್ಕೆ ಹೋದ. ಅಲ್ಲಿ ಬೆರಳು ಚುಚ್ಚಿ ನೋಡಿದ ಲ್ಯಾಬಿನ ಶೈಲಜಾ ಆಗುವುದಿಲ್ಲವೆಂದು ತಲೆಯಾಡಿಸಿದಳು.

"ಹಿಮೋಗ್ಲೋಬಿನ್ ಹನ್ನೊಂದೂವರಿ ಐತ್ರಿ. ಹನ್ನೆರಡೂವರಿ ಆದ್ರೂ ಬೇಕು. ನಿಮಗ ಕಬ್ಬಿಣ ಕಮ್ಮಿ ಇದ್ದಂಗೈತಿ."

"ಕಬ್ಬಿಣ ಕಮ್ಮಿನಾ? ಇಪ್ಪತ್ತು ವರ್ಷ ಆತ್ರಿ ಅದಿರಿನ ಧೂಳು ಕುಡಿಯಾಕ ಹತ್ತಿ! ಉಗುಳಿದ್ರೂ ಕೆಂಪಗ ಬೀಳ್ತೈತಿ."

"ಆ ಧೂಳು ಶ್ವಾಸಕೋಶಕ್ಕ ಕೇಡ್ರಿ, ಅದರಿಂದ ರಕ್ತ ಆಗಂಗಿಲ್ಲ. ಕಬ್ಬಿಣ ಊಟದಾಗಿಂದ ಬರ್ಬೇಕು. ಚಾ ಎಷ್ಟ್ ಕುಡೀತೀರಿ?"

ಉಚ್ಚೆಂಗಪ್ಪ ಅತ್ತ ಇತ್ತ ನೋಡಿದ. "ದಿನಕ್ಕ ಎಂಟು ಕಪ್ಪು ರೀ ಅಕ್ಕಾ" ಎಂದಳು ಮಗಳು. "ಉಂಡು ಕೈ ತೊಳೆಯೋದ್ರಾಗ ಒಂದು ಬರಾಕಬೇಕು."

ಚಹಾದ ಒಗರು ಊಟದಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟು, ರಕ್ತಕ್ಕೆ ಸೇರಲು ಬಿಡುವುದಿಲ್ಲ, ಉಂಡು ಒಂದು ತಾಸು ಬಿಟ್ಟು ಚಹಾ ಕುಡಿಯಬೇಕು, ಸೊಪ್ಪಿಗೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ ಎಂದು ಶೈಲಜಾ ತಿಳಿಸಿ ಹೇಳಿದಳು. ಡಾಕ್ಟರು ಮೈಯೊಳಗೆ ಎಲ್ಲೂ ರಕ್ತ ಸೋರುತ್ತಿಲ್ಲವೆಂದು ಪರೀಕ್ಷೆ ಮಾಡಿಸಿ ಖಚಿತಮಾಡಿಕೊಂಡು ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ಚಹಾದ ಹೊತ್ತು ಬದಲಿಸುವುದು ಸೂಜಿಗಿಂತ ಕಷ್ಟವಾಯಿತು. ಲೋಡಿಂಗಿಗೆ ಗಾಡಿಗಳು ಸಾಲುಗಟ್ಟಿ ನಿಂತಾಗ ಡ್ರೈವರುಗಳು ಬುತ್ತಿ ಬಿಚ್ಚುವುದೂ ಚಹಾದವನನ್ನು ಕೂಗುವುದೂ ಒಟ್ಟಿಗೇ.

"ಏನಲೇ, ಸನ್ಯಾಸಿ ಆದೇನು?" ಎಂದು ಚಹಾ ಬೇಡವೆಂದ ಅವನನ್ನು ಜೊತೆಗಾರ ಪಕೀರಪ್ಪ ಛೇಡಿಸಿದ.

"ಒಂದು ತಾಸು ತಡಿಯೋ ಮಾರಾಯ, ಆಮೇಲೆ ನಿಂದೂ ನಾನ ಕುಡೀತೀನಿ" ಎಂದು ಉಚ್ಚೆಂಗಪ್ಪ ನುಗ್ಗೆಸೊಪ್ಪಿನ ಪಲ್ಯದ ಮೇಲೆ ನಿಂಬೆಹೋಳು ಹಿಂಡಿಕೊಂಡ.

ಮೂರು ತಿಂಗಳ ಮೇಲೆ ಹೊಸಪೇಟೆಯ ರಕ್ತನಿಧಿಯಲ್ಲಿ ಮತ್ತೆ ಬೆರಳು ಕೊಟ್ಟ. ಹದಿಮೂರು ಬಂತು. ಸೂಜಿ ಕಂಡು ಕಣ್ಣು ಮುಚ್ಚಿಕೊಂಡವನು, "ಮುಗೀತ್ರಿ" ಎಂದು ನರ್ಸ್ ಅಂದಾಗಲೇ ತೆರೆದ.

ಉಚ್ಚೆಂಗಪ್ಪ ಕೊಟ್ಟ ಮಾತು ನಡೆಸಿದ.