ಬೇಲಿಯಣ್ಣನ ಎರಡು ಗೇಟು

"ಮೊದಲು ಅದನ್ನ ಮುಚ್ಚಿ! ಆಮೇಲೆ ಇದನ್ನ ತೆಗೀರಿ!"

ಚಪ್ಪಲಿಯನ್ನೂ ಮೆಟ್ಟದೆ ಅವಳು ಅಂಗಳ ದಾಟಿ ಓಡಿ ಬಂದಳು. ಹೆಣದ ಗಾಡಿಯ ಡ್ರೈವರು ಹೊರಗಿನ ಗೇಟನ್ನು ಹಾಗೇ ತೆರೆದಿಟ್ಟು, ಒಳಗಿನ ಗೇಟಿನ ಅಗುಳಿಗೂ ಕೈ ಹಾಕಿದ್ದ.

"ಅಮ್ಮಾ, ನೀವೇ ನೋಡಿ. ಮೂತಿ ಇಲ್ಲಿದೆ, ಬಾಲ ಇನ್ನೂ ರಸ್ತೆ ಮೇಲಿದೆ. ಗಾಡಿ ಹಿಡಿಸ್ತಿಲ್ಲ. ಎರಡೂ ತೆಗೀಬೇಡಿ ಅಂದ್ರೆ ನಾನೇನು ಹಾರಿಸ್ಕೊಂಡು ಬರ್ಲಾ?"

ನಿಜ, ಹಿಡಿಸುತ್ತಿರಲಿಲ್ಲ. ಎರಡು ಗೇಟುಗಳ ನಡುವಿನ ಜಾಗವನ್ನು ಅವಳ ಗಂಡ ತನ್ನ ಹಾಲಿನ ವ್ಯಾನಿನ ಅಳತೆಗೆ ಮಾಡಿದ್ದ. ವ್ಯಾನು ಬಂದು ನಡುವೆ ನಿಲ್ಲಬೇಕು, ಇಳಿದು ಹಿಂದಿನ ಗೇಟು ಹಾಕಬೇಕು, ಆಮೇಲಷ್ಟೇ ಮುಂದಿನದು. ಮಳೆ ಸುರಿಯಲಿ, ಮಂತ್ರಿಯೇ ಬರಲಿ, ನಿಯಮ ಅಂದರೆ ನಿಯಮ. ಒಂದು ದಿನ ತಾನು ಇಷ್ಟುದ್ದದ ಗಾಡಿಯಲ್ಲಿ ಹೊರಡಬೇಕಾದೀತು ಎಂಬುದನ್ನು ಮಾತ್ರ ಆ ಪುಣ್ಯಾತ್ಮ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಇವತ್ತೊಂದಿನ ಬಿಡಿ ಅತ್ತಿಗೆ," ಅಂದ ಮೈದುನ, ಮೆಲ್ಲಗೆ. "ನಾಯಿಗಳು ಗೂಡಲ್ಲಿವೆಯಲ್ಲ. ಅಣ್ಣನ್ನ ಕಾಯಿಸೋದು ಬೇಡ."

ಅವಳು ತನ್ನ ಅಣ್ಣನ ಮಗಳ ಕಡೆ ತಿರುಗಿದಳು. ಎರಡು ದಿನದಿಂದ ನಾಯಿಗಳಿಗೆ ಊಟ ಹಾಕುತ್ತಿದ್ದವಳು ಆ ಹುಡುಗಿಯೇ.

"ಗೂಡು ಸರಿಯಾಗಿ ಹಾಕಿದ್ದೀಯೇನೇ?"

"ಅಗುಳಿ ಹಾಕಿದ್ದೀನತ್ತೆ. ಗಟ್ಟಿಯಾಗೇ ಹಾಕಿದ್ದೀನಿ."

ಬರೀ ಅಗುಳಿ ಸಾಲದು, ಅದರ ಮೇಲೊಂದು ಕೊಕ್ಕೆ ಇದೆ, ಚಿಕ್ಕ ನಾಯಿ ಗಾಳಿಗೆ ಮೂತಿಯಿಂದ ಅಗುಳಿ ಎತ್ತೋಕೆ ಬರುತ್ತೆ ಎಂದು ಹೇಳಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಒಳಗೆ ಅವನನ್ನು ಎತ್ತಿದರು. ನಾಲ್ಕು ಜನರ ಹೆಜ್ಜೆ ಹೊಸಿಲಿನತ್ತ ಬರುವ ಸದ್ದು ಕೇಳಿತು. ಹೇಳುವುದು ಬಿಟ್ಟು ಅವಳು ಅತ್ತ ತಿರುಗಿದಳು.

*

ಊರವರ ಬಾಯಲ್ಲಿ ಅವನು ಬೇಲಿಯಣ್ಣ. ಹಾಲು ಹಂಚಿ ಬಂದವನು ಕೈಯಲ್ಲಿ ಇಕ್ಕಳ ಹಿಡಿದು ಬೇಲಿಯುದ್ದಕ್ಕೂ ಒಂದು ಸುತ್ತು ಹಾಕದೆ ಊಟಕ್ಕೆ ಕೂರುತ್ತಿರಲಿಲ್ಲ. ಎಲ್ಲಿ ತಂತಿ ಸಡಿಲವಾಗಿದೆ, ಎಲ್ಲಿ ಮಣ್ಣು ಕೆರೆದಿದೆ, ಎಲ್ಲಿ ಯಾವ ಪುಂಡ ಬಾಟಲಿ ಒಡೆದು ಹೋಗಿದ್ದಾನೆ ಎಂದು ನೋಡುತ್ತಿದ್ದ. ಹಾಳುಬಾವಿಗೆ ಹಲಗೆ ಮುಚ್ಚಿದ. ಹಲಗೆ ಮುರಿದರೆ ಗತಿಯೇನು ಎಂದು ಕಬ್ಬಿಣದ ಜಾಲರಿ ಹಾಕಿಸಿದ. ಜಾಲರಿಗೆ ತುಕ್ಕು ಹಿಡಿದರೆ ಎಂದು ವರ್ಷವರ್ಷವೂ ಬಣ್ಣ ಬಳಿದ.

"ಇಷ್ಟು ಜಾಗ ಇಟ್ಕೊಂಡು ನಾಯಿಗಳನ್ನ ಓಡೋಕೆ ಬಿಡಲ್ವಲ್ಲ ಮಾರಾಯ," ಎಂದು ಯಾರಾದರೂ ಕೆಣಕಿದರೆ, "ಓಡ್ಲಿ, ಓಡೋಕೇ ಹುಟ್ಟಿರೋವು. ನನ್ನ ಕಣ್ಣಿಗೆ ಕಾಣೋ ಹಾಗೆ ಓಡ್ಲಿ," ಅನ್ನುತ್ತಿದ್ದ.

ಮೊದಲು ಹೀಗಿರಲಿಲ್ಲ. ಆಗ ಇದ್ದದ್ದು ಒಂದೇ ಗೇಟು, ಒಂದೇ ನಾಯಿ. ಒಂದು ಬೆಳಿಗ್ಗೆ ಗೇಟು ಎಳೆದುಕೊಂಡು ಹೋದೆ ಅಂದುಕೊಂಡಿದ್ದ. ಅದು ಪೂರ್ತಿ ಕೂತಿರಲಿಲ್ಲ. ನಾಯಿ ವ್ಯಾನಿನ ಹಿಂದೆಯೇ ಓಡಿತು. ಕ್ಯಾನುಗಳ ಗಡಗಡದಲ್ಲಿ ಇವನಿಗೆ ಕೇಳಿಸಲಿಲ್ಲ. ಹಿಂದಿನಿಂದ ಬಂದ ಲಾರಿಯವನಿಗೆ ಕಾಣಿಸಲಿಲ್ಲ. ವಾಪಸು ಬರುವಾಗ, ತಿರುವಿನಲ್ಲಿ, ಇವನಿಗೇ ಸಿಕ್ಕಿತು.

ಅವತ್ತು ಅವನು ಅಳಲಿಲ್ಲ. ಹಾರೆ ತೆಗೆದುಕೊಂಡು ಹೋಗಿ ಎರಡನೇ ಗೇಟಿಗೆ ಗುಂಡಿ ತೋಡಿದ. ಅಲ್ಲಿಂದಾಚೆಗೆ ಹೆದರಿಕೆಯೇ ಅವನ ಇನ್ನೊಂದು ಕಸುಬಾಯಿತು. ಇದು ಹೆಂಡತಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

*

"ಭಯ ಅನ್ನೋದೇ ಗೊತ್ತಿರ್ಲಿಲ್ಲ ಬೇಲಿಯಣ್ಣಂಗೆ," ಅನ್ನುತ್ತಿದ್ದರು ಗಾಡಿಯ ಪಕ್ಕ ನಿಂತವರು. "ಆ ಇಳಿಜಾರಲ್ಲಿ ಬ್ರೇಕ್ ಹೋದಾಗ್ಲೂ ಒಂದ್ ಲೀಟರ್ ಹಾಲು ಚೆಲ್ಲಲಿಲ್ಲ ಗೊತ್ತಾ?"

"ಒಂದ್ ಲೀಟರಾ? ಒಂದ್ ಹನಿ ಅನ್ನು."

ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತಂತೆ. ಅವನನ್ನು ಗಾಡಿಯೊಳಗೆ ಮಲಗಿಸಿ ಬಾಗಿಲು ಹಾಕಿದ್ದರು. ಮೈದುನ ಅವಳ ಕೈ ಹಿಡಿದು ಮುಂದಿನ ಸೀಟಿಗೆ ಹತ್ತಿಸುತ್ತಿದ್ದ.

ಆಗ ಹಿತ್ತಿಲಿನಲ್ಲಿ ಕಬ್ಬಿಣ ಕಬ್ಬಿಣಕ್ಕೆ ತಾಗಿ ಟಣ್ ಎಂದಿತು. ಅವಳಿಗೆ ಆ ಸದ್ದು ಗೊತ್ತು.

"ಗೇಟು! ಗೇಟು ಹಾಕ್ರೋ!"

ಹಾಕುವುದಾದರೂ ಹೇಗೆ? ಎರಡು ಗೇಟಿನ ನಡುವೆ ಗಾಡಿ ನಿಂತಿದೆ. ಮನೆಯ ಮಗ್ಗುಲಿನಿಂದ ಕಂದು ಬಣ್ಣದ್ದೊಂದು ಬಂತು, ಜನರ ಕಾಲ ಸಂದಿಯಲ್ಲಿ ನುಗ್ಗಿತು, ಗಾಡಿಯ ಅಡಿಯಲ್ಲಿ ನುಸುಳಿತು, ರಸ್ತೆ ದಾಟಿ ಎದುರಿನ ಕುರಿಹೊಲಕ್ಕೆ ಹಾರಿತು. ಅದಕ್ಕೆ ಗಾಳಿ ಎಂದು ಹೆಸರಿಟ್ಟವನು ಸುಮ್ಮನೆ ಇಟ್ಟಿರಲಿಲ್ಲ. ಗೂಡಿನಲ್ಲಿದ್ದ ಇನ್ನೊಂದು, ಮುದುಕಿ ನಾಯಿ, ಬಾಗಿಲು ತೆರೆದಿದ್ದರೂ ಆಚೆ ಬರದೆ ಬೊಗಳುತ್ತಿತ್ತು.

"ಅಯ್ಯೋ ಅತ್ತೆ, ಅಗುಳಿ ಹಾಕಿದ್ದೆ, ಆಣೆಗೂ ಹಾಕಿದ್ದೆ," ಎಂದು ಅಣ್ಣನ ಮಗಳು ಗೂಡಿನತ್ತ ಓಡಿದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

"ಹೋಗ್ಲಿ ಬಿಡಿ, ಒಂದು ಸುತ್ತು ಹೊಡೆದು ಬರುತ್ತೆ," ಅಂದ ಡ್ರೈವರು. "ನಾಯಿ ಎಲ್ಲಿ ಹೋಗುತ್ತೆ?"

ಕುರಿಯವನು ಜನರ ನಡುವಿನಿಂದ ಮುಂದೆ ಬಂದ. ಎದುರಿನ ಹೊಲ ಅವನದು. ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿ, ಹೆಗಲು ಕೊಡಲು ಬಂದಿದ್ದ. ಈಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕಾ," ಅಂದ. "ಹೊಲದಲ್ಲಿ ನರಿಗೆ ವಿಷದ ಮದ್ದಿಟ್ಟಿದ್ದೀನಿ."

"ಏನಂದೆ?"

"ಮಾಂಸದ ಉಂಡೆಯೊಳಗೆ. ನಿನ್ನೆ ಸಂಜೆ. ಕುರಿಗಳನ್ನ ಆ ಕಡೆ ಹೊಡೆದು ಅಲ್ಲಲ್ಲಿ ಇಟ್ಟು ಬಂದೆ."

"ಹೇಳ್ಲಿಲ್ಲ ನೀನು!"

"ಯಾರಿಗೆ ಹೇಳ್ಲಿ ಅಕ್ಕಾ?" ಅವನ ದನಿ ಒಡೆಯಿತು. "ಯಾವತ್ತೂ ಅಣ್ಣಂಗೇ ಹೇಳ್ತಿದ್ದೆ. ನಾನು ಉಂಡೆ ಎತ್ತಿದೆ ಅನ್ನೋವರೆಗೂ ಅಣ್ಣ ನಾಯಿಗಳನ್ನ ಕಟ್ಟಿರ್ತಿದ್ರು. ನಿನ್ನೆ ಹೇಳೋಣ ಅಂತ ನಿಮ್ಮ ಗೇಟಿನ ತನಕ ಬಂದೆ. ಅಣ್ಣ ಇಲ್ಲ ಅನ್ನೋದು ಇಲ್ಲಿ ನಿಂತ ಮೇಲೆ ನೆನಪಾಯ್ತು. ಹಾಗೇ ವಾಪಸ್ ಹೋದೆ."

ಅವಳು ರಸ್ತೆ ದಾಟಿ ಹೊಲದತ್ತ ಓಡಿದಳು.

*

ಕಳೆದ ವರ್ಷ, ಗಾಳಿ ಇನ್ನೂ ಮರಿಯಾಗಿದ್ದಾಗ, ಒಂದು ದಿನ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಗಂಡ ಹಿಂದಿನ ಹೊಲದಲ್ಲಿ ಬೋರಲು ಬಿದ್ದಿದ್ದ. ಕೈಯಲ್ಲಿದ್ದ ಸೌಟು ಎಸೆದು, ಕಿರುಚಿಕೊಂಡು, ಎದ್ದುಬಿದ್ದು ಓಡಿದಳು. ಹತ್ತಿರ ಹೋದರೆ ಆಸಾಮಿ ನಗುತ್ತಿದ್ದಾನೆ! ಮರಿ ಅವನ ಕಿವಿ ನೆಕ್ಕುತ್ತಿದೆ, ಇವನು ಅದರ ಕೊರಳಪಟ್ಟಿ ಹಿಡಿದಿದ್ದಾನೆ.

"ನಿಮ್ಮ ನಾಟಕಕ್ಕೆ ಬೆಂಕಿ ಹಾಕ. ನನ್ನ ಜೀವ ಬಾಯಿಗೆ ಬಂದಿತ್ತು."

"ಏ ಇವಳೇ, ಕೇಳಿಲ್ಲಿ. ನಾಯಿ ತಪ್ಪಿಸ್ಕೊಂಡ್ರೆ ನಾವು ಅಟ್ಟಿಸ್ಕೊಂಡು ಹೋಗ್ಬಾರ್ದು. ಅದಕ್ಕೆ ಅದು ಆಟ. ಕೂಗಿದ್ರಂತೂ ಇನ್ನೂ ಓಡುತ್ತೆ. ಸುಮ್ನೆ ಬಿದ್ದುಬಿಡ್ಬೇಕು, ಅಷ್ಟೆ. ಇವನಿಗೇನಾಯ್ತಪ್ಪ ಅಂತ ಅದೇ ಬರುತ್ತೆ. ನೀನೂ ಕಲಿ."

"ನಾನು ನೆಲಕ್ಕೆ ಬೀಳೋದಾ? ನೋಡಿದೋರು ಏನಂದ್ಕೊಂಡಾರು? ನನ್ನಿಂದಾಗಲ್ಲ."

ಆಮೇಲೆ ಅದು ಮನೆಯ ಮಾಮೂಲಿ ನೋಟವಾಯಿತು. ಕಿಟಕಿಯಾಚೆ ಅವನು ಬಿದ್ದಿರುವುದು, ಗಾಳಿ ಓಡಿ ಬರುವುದು, ಅವನು ಎದ್ದು ಮಣ್ಣು ಕೊಡವಿಕೊಳ್ಳುವುದು.

ಮೊನ್ನೆಯೂ ಬಿದ್ದಿದ್ದ. "ಶುರುವಾಯ್ತು," ಎಂದುಕೊಂಡು ಅವಳು ಬಾಣಲೆ ಉಜ್ಜಿದಳು. ಒಲೆ ಒರೆಸಿದಳು. ಕಾಫಿಗೆ ನೀರಿಟ್ಟು, ಎರಡು ಲೋಟ ತೊಳೆದು ಬೋರಲು ಹಾಕಿದಳು. ಮತ್ತೆ ಕಿಟಕಿಯಲ್ಲಿ ನೋಡಿದಾಗ ಗಾಳಿ ಬಂದು ಅವನ ಪಕ್ಕದಲ್ಲಿ ಕೂತಿತ್ತು. ಮೂತಿಯನ್ನು ಅವನ ಕಂಕುಳಡಿ ತೂರಿಸಿ ಎತ್ತುತ್ತಿತ್ತು. ಬಿಡುತ್ತಿತ್ತು, ಮತ್ತೆ ಎತ್ತುತ್ತಿತ್ತು. ಅವನು ಏಳಲಿಲ್ಲ.

ಬೀಳುವ ಮುಂಚೆಯೇ ಜೀವ ಹೋಗಿತ್ತು, ನೀವು ಓಡಿ ಬಂದಿದ್ದರೂ ಅಷ್ಟೇ ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ತೊಳೆದಿಟ್ಟ ಎರಡು ಲೋಟದ ವಿಷಯ ಯಾರಿಗೂ ಹೇಳಲಿಲ್ಲ.

*

ಸಾವಿಗೆ ಬಂದವರೆಲ್ಲ ಹೊಲಕ್ಕಿಳಿದಿದ್ದರು. "ಗಾಳೀ! ಬಾರೋ! ಹಿಡೀರೋ ಆ ಕಡೆಯಿಂದ!" ಮೈದುನ ಕೋಲು ಬೀಸುತ್ತಿದ್ದ. ಡ್ರೈವರು ಸಿಳ್ಳೆ ಹಾಕುತ್ತಿದ್ದ. ಗಾಳಿಗೆ ಹಬ್ಬವೋ ಹಬ್ಬ. ಜನ ಹತ್ತಿರ ಬಂದಷ್ಟೂ ಕಿವಿ ಹಿಂದಕ್ಕೆ ಮಡಚಿ ವಕ್ರವಕ್ರವಾಗಿ ಓಡುತ್ತಿತ್ತು, ನಿಂತು ನೋಡುತ್ತಿತ್ತು, ಮತ್ತೆ ಓಡುತ್ತಿತ್ತು.

ಕಲ್ಲುಗುಡ್ಡೆಯ ಹತ್ತಿರ ಅದು ಗಕ್ಕನೆ ನಿಂತಿತು. ನೆಲ ಮೂಸಿತು. ತಲೆ ಎತ್ತಿದಾಗ ಬಾಯಲ್ಲಿ ಏನೋ ಇತ್ತು.

"ಅದೇ ಅಕ್ಕಾ, ಅದೇ!" ಕುರಿಯವನು ಕೂಗಿಕೊಂಡು ಅದರತ್ತ ನುಗ್ಗಿದ. ಗಾಳಿ ಬಾಯಿ ಬಿಗಿದುಕೊಂಡು ದೂರ ಜಿಗಿಯಿತು.

"ನಿಲ್ಲೋ!" ಅಂದಳು ಅವಳು. ಅಷ್ಟು ದೊಡ್ಡ ದನಿ ತನ್ನಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಎಲ್ರೂ ನಿಲ್ಲಿ. ಯಾರೂ ಕೂಗ್ಬೇಡಿ. ಅದು ಓಡ್ತಾ ಇದ್ರೆ ನುಂಗಿಬಿಡುತ್ತೆ."

ಜನ ನಿಂತರು. ಅವಳು ಒಬ್ಬಳೇ ಹೊಲದ ನಡುವಿಗೆ ನಡೆದಳು. ಬರಿಗಾಲಿಗೆ ಕೂಳೆ ಚುಚ್ಚುತ್ತಿತ್ತು. ಹಿಂದೆ, ಗೇಟಿನಲ್ಲಿ, ಗಂಡ ಗಾಡಿಯಲ್ಲಿ ಮಲಗಿದ್ದಾನೆ. ಮುಂದೆ, ಅವನ ನಾಯಿ ಸಾವನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದೆ. ಬಿದ್ದರೆ ಬರುತ್ತದೆ ಎಂದಿದ್ದ. ಬರದಿದ್ದರೆ? ಮೊನ್ನೆ ಒಬ್ಬ ಬಿದ್ದವನು ಏಳಲಿಲ್ಲ. ಅದನ್ನು ನೋಡಿದ ಪ್ರಾಣಿ ಇನ್ನೊಮ್ಮೆ ನಂಬುತ್ತದೆಯೇ? ಅವಳು ನಾಯಿಗೆ ಬೆನ್ನು ಮಾಡಿದಳು, ಕಣ್ಣು ಮುಚ್ಚಿದಳು, ಬಿದ್ದುಬಿಟ್ಟಳು.

ಹಿಂದಿನಿಂದ ಮೈದುನ "ಅತ್ತಿಗೇ!" ಎಂದು ಚೀರಿದ. ಅಣ್ಣನ ಮಗಳು ಅಳತೊಡಗಿದಳು. ಯಾರೋ ಓಡಿ ಬರಲು ಹೊರಟವರನ್ನು ಕುರಿಯವನು ತಡೆದದ್ದು ಕೇಳಿಸಿತು. "ಬೇಡ, ಇದು ಅಣ್ಣ ಮಾಡ್ತಿದ್ದಿದ್ದು. ಬೇಡ."

ಮಣ್ಣಿನ ವಾಸನೆ. ಕೆನ್ನೆಗೆ ಒಂದು ಹರಳು ಒತ್ತುತ್ತಿತ್ತು. ಮೊನ್ನೆ ಅವನ ಕೆನ್ನೆಗೂ ಹೀಗೇ ಒತ್ತಿರಬೇಕು ಎಂದು ಅವಳಿಗನ್ನಿಸಿತು. ಏನೂ ಕೇಳಿಸುತ್ತಿಲ್ಲ. ಬರುವುದಿಲ್ಲ. ಬಾರೋ ನನ್ನಪ್ಪ, ಬಾರೋ.

ಥಪ್ ಎಂದು ಏನೋ ನೆಲಕ್ಕೆ ಬಿತ್ತು. ಒಣಹುಲ್ಲಿನ ಮೇಲೆ ಉಗುರುಗಳ ಸದ್ದು ದಡದಡ ಬಂತು. ಆಮೇಲೆ ಅವಳ ಕಂಕುಳಡಿ ಒಂದು ಒದ್ದೆ ಮೂತಿ ನುಗ್ಗಿತು. ಕಿವಿ ನೆಕ್ಕಲಿಲ್ಲ, ಆಟವಾಡಲಿಲ್ಲ. ಮೂತಿಯಿಂದ ಅವಳ ತೋಳನ್ನು ಎತ್ತಿತು, ಬಿಟ್ಟಿತು, ಮತ್ತೆ ಎತ್ತಿತು.

ಅವಳು ಕೊರಳಪಟ್ಟಿಗೆ ಕೈ ಹಾಕಿ ಹಿಡಿದುಕೊಂಡಳು.

ಕುರಿಯವನು ಉಂಡೆ ಬಿದ್ದಲ್ಲಿಗೆ ಓಡಿ, ಮಂಡಿಯೂರಿ, ತಿರುಗಿಸಿ ನೋಡಿದ. "ಒಡೆದಿಲ್ಲ ಅಕ್ಕಾ! ಹಲ್ಲಿನ ಗುರುತು ಅಷ್ಟೇ. ಒಳಗೆ ಗುಳಿಗೆ ಹಾಗೇ ಇದೆ!" ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ನೀರು ತನ್ನಿ ಯಾರಾದ್ರೂ, ಬಾಯಿ ತೊಳೀಬೇಕು!"

ಅಣ್ಣನ ಮಗಳು ನೀರಿಗೆ ಓಡಿದಳು. ಮೈದುನ ಕೋಲು ಬಿಸಾಕಿ ಅಲ್ಲೇ ಕುಕ್ಕರಿಸಿದ. ಡ್ರೈವರು ರಸ್ತೆಗೆ ಹೋಗಿ, ಯಾರೂ ಹೇಳದಿದ್ದರೂ, ಗಾಡಿಯನ್ನು ಹಿಂದಕ್ಕೆ ತೆಗೆದು ಗೇಟು ಹಾಕಿದ.

ಗಾಳಿ ಮಾತ್ರ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಮೈಯೆಲ್ಲ ಗಡಗಡ ನಡುಗುತ್ತ, ಗಂಟಲಲ್ಲಿ ಸಣ್ಣಗೆ ಕುಂಯ್‌ಗುಡುತ್ತ, ಅವಳ ತೋಳನ್ನು ಎತ್ತುತ್ತಲೇ ಇತ್ತು.

"ಎದ್ದೆ ಕಣೋ, ಎದ್ದೆ," ಎಂದು ಅವಳು ಮೊಣಕೈ ಊರಿದಳು. ಕೂತಳು. ಪಟ್ಟಿ ಬಿಡದೆ, ಮಂಡಿ ಹಿಡಿದು, ಎದ್ದು ನಿಂತಳು. ಮಣ್ಣು ಕೊಡವಿಕೊಂಡಳು. "ನೋಡು. ಎದ್ದಿದ್ದೀನಿ ನೋಡು."

ನಾಯಿಯ ನಡುಕ ನಿಲ್ಲಲಿಲ್ಲ. ತಲೆಯೆತ್ತಿ ಅವಳ ಮುಖವನ್ನೇ ನೋಡುತ್ತಿತ್ತು. ಗಾಡಿಯ ಬಳಿ, ಬೇಲಿಯ ಬಳಿ ಜನ ಕಾಯುತ್ತ ನಿಂತಿದ್ದರು. ಅವಳು ಮತ್ತೆ ನೆಲಕ್ಕೆ ಕೂತಳು, ಅಂಗಾತ ಮಲಗಿದಳು, ಮತ್ತೆ ಎದ್ದು ನಿಂತು ತೋರಿಸಿದಳು.